ಓದುಗರ ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬಡವನ ಸಂಬಳ, ಗುಲಾಮನ ಬಿಡುಗಡೆ ಚೀಟಿ

1775ರಿಂದ 1783ರವರೆಗೆ ನಡೆದ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಬೊಟ್ಟು ಮಾಡುತ್ತವೆ. ಎಲ್ಲ ಮನುಷ್ಯರೂ ಸಮಾನರು ಎಂದು 1776ರ ಜುಲೈನಲ್ಲಿ ಸಾರಿದ ಆ 13 ವಸಾಹತುಗಳಲ್ಲಿ ಆಗ ಇದ್ದವರು ಸುಮಾರು 25 ಲಕ್ಷ ಜನ. ಅವರಲ್ಲಿ 5 ಲಕ್ಷದಷ್ಟು ಮಂದಿ ಗುಲಾಮರು. ಹಾಗಾದರೆ ಆ ಯುದ್ಧ ಯಾರದು, ಗೆಲುವು ಯಾರದು ಎಂಬುದೇ ಓದುಗರ ಕೇಳಿಕೆ. ಉತ್ತರಿಸುವಾಗ ಭಾಷಣಗಳನ್ನು ಪಕ್ಕಕ್ಕಿಟ್ಟು ಆ ಕಾಲದ ಕಾಗದಗಳನ್ನು ಹಿಡಿದಿದ್ದೇವೆ: ಸಂಬಳದ ದರ, ಬದಲಿ ಆಳಿನ ಕರಾರು, ಬಿಡುಗಡೆ ಚೀಟಿ, ಹಡಗಿನ ನೋಂದಣಿ. ಪ್ರತಿ ಕಾಗದದಲ್ಲೂ ಒಂದು ಷರತ್ತು ಇರುತ್ತದೆ. ಅಸಮಾನತೆ ಕಾಣುವುದು ಅಲ್ಲಿ.

ಪ್ರಶ್ನೆ: ಸಾಮಾನ್ಯ ಸೈನಿಕನಿಗೆ ಸಂಬಳ ಎಷ್ಟಿತ್ತು? ಯುದ್ಧ ಗೆದ್ದ ಮೇಲೂ ಸೈನಿಕರು ಬಡವರಾಗಿಯೇ ಉಳಿದರು ಎಂದು ಓದಿದೆ. ಏಕೆ? (ಧಾರವಾಡದ ಓದುಗರು)

ಉತ್ತರ: 1775ರಲ್ಲಿ ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ಬಂಡೆದ್ದ ವಸಾಹತುಗಳ ಪ್ರತಿನಿಧಿ ಸಭೆ, ಗೊತ್ತುಮಾಡಿದ ದರ ಹೀಗಿತ್ತು: ಸೈನಿಕನಿಗೆ ತಿಂಗಳಿಗೆ 6⅔ ಡಾಲರ್, ಕ್ಯಾಪ್ಟನ್‌ಗೆ 20, ಕರ್ನಲ್‌ಗೆ 50. ಕ್ಯಾಪ್ಟನ್ ಒಂದು ತಿಂಗಳಲ್ಲಿ ಪಡೆಯುವುದನ್ನು ಸೈನಿಕ ಮೂರು ತಿಂಗಳು ದುಡಿದು ಪಡೆಯಬೇಕು. ಮುಂದೆ ಅಧಿಕಾರಿಗಳ ದರ ಏರಿತು. ಸೈನಿಕನದು ಯುದ್ಧ ಮುಗಿಯುವವರೆಗೂ ಅಲ್ಲೇ ನಿಂತಿತು.

ಆ ಸಂಬಳವಾದರೂ ಎಂಥದು? ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ, ಹಾಗಾಗಿ ನೋಟು ಅಚ್ಚುಹಾಕಿತು. 1779ರ ಕೊನೆಗೆ ಹೊರಬಂದ ನೋಟುಗಳ ಮೊತ್ತ 20 ಕೋಟಿ ಡಾಲರ್ ಆಸುಪಾಸು. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ 1 ಬೆಳ್ಳಿ ಡಾಲರ್ ಎಂದು ಒಪ್ಪಿಕೊಂಡಿತು. 6⅔ ಡಾಲರನ್ನು 40ರಿಂದ ಭಾಗಿಸಿ ನೋಡಿ. ಆರು ತಿಂಗಳ ದುಡಿಮೆಗೆ ಕೈಗೆ ಬರುವುದು ಒಂದು ಬೆಳ್ಳಿ ಡಾಲರ್. ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿತ್ತು, ತಡವಾದಷ್ಟೂ ನೋಟಿನ ಬೆಲೆ ಇನ್ನಷ್ಟು ಇಳಿಯುತ್ತಿತ್ತು.

1783ರ ಜೂನ್‌ನಲ್ಲಿ ಸೈನಿಕರನ್ನು ಮನೆಗೆ ಕಳಿಸುವಾಗ ಹಣಕಾಸು ಅಧಿಕಾರಿ ರಾಬರ್ಟ್ ಮಾರಿಸ್ ಸಹಿಯ, ಮೂರು ತಿಂಗಳ ಸಂಬಳದ ಚೀಟಿ ಕೊಟ್ಟರು. ಅದು ನಗದಾಗುವುದು ಆರು ತಿಂಗಳ ನಂತರ. ಉಳಿದ ಬಾಕಿಗೆ ಇನ್ನೊಂದು ಪ್ರಮಾಣಪತ್ರ. ಮನೆ ನೂರಾರು ಮೈಲಿ ದೂರ, ಕಾಲಿಗೆ ಜೋಡಿಲ್ಲ, ಹೊಟ್ಟೆಗೆ ಬೇಕು. 20 ಶಿಲಿಂಗ್ ಮುಖಬೆಲೆಯ ಪತ್ರವನ್ನು ಎರಡು, ಎರಡೂವರೆ ಶಿಲಿಂಗಿಗೆ ಮಾರಿದವರೇ ಹೆಚ್ಚು. ಕೊಂಡವರು ಕಾಯಬಲ್ಲ ವರ್ತಕರು. 1790ರಲ್ಲಿ ಖಜಾನೆ ಕಾರ್ಯದರ್ಶಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಯೋಜನೆಯಂತೆ ಈ ಪತ್ರಗಳನ್ನು ಮುಖಬೆಲೆಯ ಲೆಕ್ಕದಲ್ಲಿ ಹೊಸ ಬಾಂಡುಗಳಿಗೆ ಬದಲಾಯಿಸಿದಾಗ ಲಾಭ ಹೋದದ್ದು ಆಗ ಪತ್ರ ಯಾರ ಕೈಯಲ್ಲಿತ್ತೋ ಅವರಿಗೆ. ಮೂಲ ಸೈನಿಕನಿಗೂ ಒಂದು ಪಾಲು ಕೊಡೋಣ ಎಂದು ಕಾಂಗ್ರೆಸ್ ಸದಸ್ಯ ಜೇಮ್ಸ್ ಮ್ಯಾಡಿಸನ್ ತಂದ ಸೂಚನೆ 36ಕ್ಕೆ 13 ಮತಗಳಿಂದ ಬಿದ್ದುಹೋಯಿತು.

ಅಧಿಕಾರಿಗಳಿಗೆ ಬೇರೆಯೇ ದಾರಿ ಇತ್ತು. 1780ರಲ್ಲಿ ಅವರಿಗೆ ಜೀವನಪೂರ್ತಿ ಅರ್ಧ ಸಂಬಳದ ವಾಗ್ದಾನ ಸಿಕ್ಕಿತು. 1783ರಲ್ಲಿ ಅದನ್ನು ಐದು ವರ್ಷದ ಪೂರ್ಣ ಸಂಬಳವಾಗಿ, ಶೇಕಡಾ 6 ಬಡ್ಡಿಯ ಪತ್ರಗಳಲ್ಲಿ ಕೊಟ್ಟರು. ಕೊನೆಯವರೆಗೆ ಸೇವೆ ಮಾಡಿದ ಸೈನಿಕನಿಗೆ ಗೊತ್ತಾಗಿದ್ದ ಬಹುಮಾನ ಒಮ್ಮೆಗೆ 80 ಡಾಲರ್, ಅಷ್ಟೇ.

ಭೂಮಿಯ ಕಥೆ ಇನ್ನೂ ನೋವಿನದು. 1776ರ ಸೆಪ್ಟೆಂಬರ್‌ನಲ್ಲಿ ಯುದ್ಧ ಮುಗಿಯುವವರೆಗೆ ಸೇರುವ ಸೈನಿಕನಿಗೆ 20 ಡಾಲರ್ ನಗದು, 100 ಎಕರೆ ಜಮೀನು ಎಂದರು. ಕರ್ನಲ್‌ಗೆ 500 ಎಕರೆ. ಆ ಭೂಮಿಗಾಗಿ ಓಹಾಯೊ ಪ್ರದೇಶದಲ್ಲಿ ಒಂದು ವಿಭಾಗ ಮೀಸಲಾದದ್ದು 1796ರಲ್ಲಿ, ಅಂದರೆ 20 ವರ್ಷದ ಮೇಲೆ. ಅದರ ನಿಯಮವೋ, ಜಮೀನು ಪಡೆಯಬೇಕಾದರೆ ಒಟ್ಟಿಗೇ 4000 ಎಕರೆಯ ತುಂಡನ್ನು ಪಡೆಯಬೇಕು. ನೂರು ಎಕರೆಯ ಚೀಟಿ ಹಿಡಿದವನು ತನ್ನಂಥ 39 ಜನರನ್ನು ಹುಡುಕಿ ಕೂಡಿಸಬೇಕು, ಇಲ್ಲವೆ ಚೀಟಿಯನ್ನು ಮಾರಬೇಕು. 1800ರಲ್ಲಿ ನೂರು ಎಕರೆಯ ತುಂಡುಗಳಿಗೂ ಅವಕಾಶ ಕೊಡುವ ಹೊತ್ತಿಗೆ ಬಹಳಷ್ಟು ಚೀಟಿಗಳು ಸಟ್ಟಾ ವ್ಯಾಪಾರಿಗಳ ಕೈ ಸೇರಿದ್ದವು.

ಪಿಂಚಣಿ ಬಂದದ್ದು 1818ರಲ್ಲಿ: ಅಧಿಕಾರಿಗೆ ತಿಂಗಳಿಗೆ 20 ಡಾಲರ್, ಸೈನಿಕನಿಗೆ 8, ಅದೂ ಬಡವರಾದವರಿಗೆ ಮಾತ್ರ. 1820ರಿಂದ ಅರ್ಜಿದಾರ ನ್ಯಾಯಾಲಯದಲ್ಲಿ ನಿಂತು, ಉಡುವ ಬಟ್ಟೆ, ಹಾಸಿಗೆ ಬಿಟ್ಟು ತನ್ನ ಬಳಿ ಇರುವ ಪ್ರತಿಯೊಂದನ್ನೂ ಬರೆಸಿ ಪ್ರಮಾಣ ಮಾಡಬೇಕಾಯಿತು. ಎಷ್ಟು ಹಸು, ಎಷ್ಟು ಪಾತ್ರೆ, ಎಷ್ಟು ಕುರ್ಚಿ, ಎಷ್ಟು ಸಾಲ. ಇಂದು ಚರಿತ್ರೆಕಾರರಿಗೆ ಈ ಪಟ್ಟಿಗಳು ದೊಡ್ಡ ನಿಧಿ. ಬರೆಸಿದ ಮುದುಕರಿಗೆ ಅದು ತಲೆತಗ್ಗಿಸುವ ಕೆಲಸವಾಗಿತ್ತು. ಬಡತನ ತೋರಿಸಬೇಕಿಲ್ಲದ ಪಿಂಚಣಿ ಕಾನೂನು ಬಂದದ್ದು 1832ರಲ್ಲಿ. ಅಷ್ಟರಲ್ಲಿ ಎಷ್ಟು ಮಂದಿ ಬದುಕಿದ್ದಾರು?

ಪ್ರಶ್ನೆ: ಸೈನಿಕರು ಇದನ್ನೆಲ್ಲ ಸಹಿಸಿಕೊಂಡು ಸುಮ್ಮನಿದ್ದರೇ? (ಚಿತ್ರದುರ್ಗ)

ಉತ್ತರ: ಇಲ್ಲ. 1781ರ ಜನವರಿ 1ರ ರಾತ್ರಿ ನ್ಯೂ ಜೆರ್ಸಿಯ ಮಾರಿಸ್‌ಟೌನ್ ಬಳಿಯ ಶಿಬಿರದಲ್ಲಿ ಪೆನ್ಸಿಲ್ವೇನಿಯಾ ಪಡೆಯ ಸೈನಿಕರು ಬಂಡೆದ್ದರು. ಜಗಳದ ಮೂಲ ಕರಾರಿನ ಒಂದು ವಾಕ್ಯ: 'ಮೂರು ವರ್ಷ ಅಥವಾ ಯುದ್ಧ ಮುಗಿಯುವವರೆಗೆ'. ಮೂರು ವರ್ಷವಾಯಿತು, ಬಿಡಿ ಎಂದರು ಸೈನಿಕರು. ಯುದ್ಧ ಮುಗಿದಿಲ್ಲ, ಇರಿ ಎಂದರು ಅಧಿಕಾರಿಗಳು. 20 ಡಾಲರಿಗೆ ಸೇರಿದ್ದವರ ಕಣ್ಣೆದುರೇ ಹೊಸಬರಿಗೆ ಅದರ ಹಲವು ಪಟ್ಟು ನಗದು ಕೊಡುತ್ತಿದ್ದರು. ಬಂಡೆದ್ದವರನ್ನು ತಮ್ಮ ಕಡೆ ಸೆಳೆಯಲು ಬ್ರಿಟಿಷರು ಗೂಢಚಾರರನ್ನು ಕಳಿಸಿದಾಗ ಸೈನಿಕರು ಅವರನ್ನು ಹಿಡಿದು ಒಪ್ಪಿಸಿದರು. ಅವರ ಸಿಟ್ಟು ಕರಾರಿನ ಮೇಲಿತ್ತು, ದೇಶದ ಮೇಲೆ ಇರಲಿಲ್ಲ. ಮಾತುಕತೆಯಾಗಿ ಸುಮಾರು ಅರ್ಧದಷ್ಟು ಸೈನಿಕರಿಗೆ ಬಿಡುಗಡೆ ಸಿಕ್ಕಿತು. ಅದನ್ನು ನೋಡಿ ಅದೇ ತಿಂಗಳು ನ್ಯೂ ಜೆರ್ಸಿ ಪಡೆ ಎದ್ದಿತು. ಈ ಸಲ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಮಾತುಕತೆಗೆ ಹೋಗಲಿಲ್ಲ. ಪಡೆ ಕಳಿಸಿ ಸುತ್ತುವರಿಸಿ, ಮುಂದಾಳುಗಳಲ್ಲಿ ಇಬ್ಬರನ್ನು ಅವರ ಜೊತೆಗಾರರ ಕೈಯಿಂದಲೇ ಗುಂಡಿಕ್ಕಿಸಿದರು.

ಯುದ್ಧದ ನಂತರವೂ ಇದು ತಣ್ಣಗಾಗಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ತೆರಿಗೆಯನ್ನು ಗಟ್ಟಿ ನಾಣ್ಯದಲ್ಲೇ ಕೇಳಿತು. ಬೆಳ್ಳಿಯೇ ಕಾಣದ ರೈತರ ಜಮೀನು ಜಪ್ತಿಯಾಗತೊಡಗಿತು. 1786ರಲ್ಲಿ ಅವರು ನ್ಯಾಯಾಲಯಗಳನ್ನು ಮುಚ್ಚಿಸಿದರು. ಮುಂದಾಳುಗಳಲ್ಲೊಬ್ಬ ಡೇನಿಯಲ್ ಶೇಸ್, ಅದೇ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಂದೆ ಫಿರಂಗಿಗೆ ನಾಲ್ವರು ಬಲಿಯಾದರು.

ಪ್ರಶ್ನೆ: ಶ್ರೀಮಂತರು ದುಡ್ಡು ಕೊಟ್ಟು ತಮ್ಮ ಬದಲಿಗೆ ಬೇರೆಯವರನ್ನು ಯುದ್ಧಕ್ಕೆ ಕಳಿಸುತ್ತಿದ್ದರಂತೆ. ಕಾನೂನು ಒಪ್ಪುತ್ತಿತ್ತೇ? (ಹಾಸನ)

ಉತ್ತರ: ಕಾನೂನೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಒಂದು ಊರಿನಿಂದ ಇಂತಿಷ್ಟು ಸೈನಿಕರು ಬೇಕೆಂದು ರಾಜ್ಯ ಹೇಳುತ್ತದೆ. ಊರಿನ ತೆರಿಗೆದಾರರನ್ನು ಅಷ್ಟೇ ಗುಂಪುಗಳಾಗಿ ಹಂಚುತ್ತಾರೆ. ಪ್ರತಿ ಗುಂಪೂ ಗೊತ್ತಾದ ದಿನದೊಳಗೆ ಒಬ್ಬ ಆಳನ್ನು ಒದಗಿಸಬೇಕು. ಇಲ್ಲದಿದ್ದರೆ ದಂಡ, ಅಥವಾ ಗುಂಪಿನೊಳಗೆ ಚೀಟಿ ಎತ್ತುವುದು. ಚೀಟಿಯಲ್ಲಿ ಹೆಸರು ಬಂದವನು ಹೋಗಬಹುದು, ದಂಡ ಕಟ್ಟಬಹುದು, ಇಲ್ಲವೆ ಬದಲಿ ಆಳನ್ನು ತಂದು ನಿಲ್ಲಿಸಬಹುದು. ಹಣವಿದ್ದವನು ಕೊನೆಯದನ್ನು ಆರಿಸುತ್ತಾನೆ. ಬದಲಿಯಾಗಿ ಬಂದವರು ಜಮೀನಿಲ್ಲದ ಕಿರಿಮಕ್ಕಳು, ಹೊಸದಾಗಿ ಬಂದ ಐರಿಷ್, ಜರ್ಮನ್ ವಲಸಿಗರು, ಜೀತದ ಕರಾರಿನಲ್ಲಿದ್ದವರು, ಮತ್ತು ಗುಲಾಮರು. ಕನೆಕ್ಟಿಕಟ್‌ನಲ್ಲಿ 1777ರಿಂದ ಇಬ್ಬರು ಸೇರಿ ಒಬ್ಬ ಬದಲಿಯನ್ನು ಕೊಟ್ಟರೆ ಇಬ್ಬರಿಗೂ ವಿನಾಯಿತಿ. ಗುಲಾಮನಿಗೆ ಬಿಡುಗಡೆ ಬರೆದುಕೊಟ್ಟು, ಅವನನ್ನೇ ಬದಲಿಯಾಗಿ ಕಳಿಸಿದ ಯಜಮಾನರು ಹೀಗೆ ಹುಟ್ಟಿಕೊಂಡರು.

ವರ್ಜೀನಿಯಾದ ಸಣ್ಣ ರೈತರಿಗೆ ಇನ್ನೊಂದು ಸಂಕಟವಿತ್ತು. ಗುಲಾಮರನ್ನು ಕಾಯುವ ಮೇಲ್ವಿಚಾರಕರಿಗೆ ಮಿಲಿಷಿಯಾ (ಊರ ನಾಗರಿಕರ ಪಡೆ) ಕೆಲಸದಿಂದ ವಿನಾಯಿತಿ ಕೊಟ್ಟಿದ್ದರು. ದೊಡ್ಡ ತೋಟದವನ ಬೆಳೆ ನಿಲ್ಲದು, ಸ್ವತಃ ಉಳುವವನ ಹೊಲ ಬೀಳು. ಅವರು ಅರ್ಜಿಯ ಮೇಲೆ ಅರ್ಜಿ ಹಾಕಿದರು, 1776ರಲ್ಲಿ ಆ ವಿನಾಯಿತಿಯನ್ನು ತೆಗೆಯಬೇಕಾಯಿತು.

ಪ್ರಶ್ನೆ: ಬಡವರೆಲ್ಲ ಬ್ರಿಟಿಷರ ವಿರುದ್ಧವೇ ಇದ್ದರೇ? (ಸಾಗರ)

ಉತ್ತರ: ಗೇಣಿದಾರರ ವಿಷಯದಲ್ಲಿ ಒಂದು ಸರಳ ಸೂತ್ರ ಬಹುಮಟ್ಟಿಗೆ ಕೆಲಸ ಮಾಡುತ್ತದೆ: ಒಡೆಯ ಯಾವ ಕಡೆಯೋ ಗೇಣಿದಾರ ಅದರ ಎದುರು ಕಡೆ. ನ್ಯೂಯಾರ್ಕ್‌ನ ಹಡ್ಸನ್ ಕಣಿವೆಯಲ್ಲಿ ಲಿವಿಂಗ್‌ಸ್ಟನ್ ಮನೆತನ ಕಾಂಗ್ರೆಸ್ ಕಡೆಯದು. ರಾಜ ಗೆದ್ದರೆ ತಾವು ಉಳುವ ನೆಲ ತಮಗೇ ಸಿಕ್ಕೀತೆಂದು ಅವರ ಗೇಣಿದಾರರು 1777ರ ಮೇ ತಿಂಗಳಲ್ಲಿ ರಾಜನ ಪರ ಎದ್ದರು, ಕೆಲವೇ ದಿನದಲ್ಲಿ ಅದನ್ನು ಅಡಗಿಸಿದರು. ಅದೇ ನದಿಯ ಕೆಳಗಿನ ಫಿಲಿಪ್ಸ್‌ಬರ್ಗ್ ಜಹಗೀರಿನ ಒಡೆಯ ರಾಜನ ಕಡೆಯವನು. ಅಲ್ಲಿನ ಗೇಣಿದಾರರಲ್ಲಿ ಬಹಳ ಜನ ಕಾಂಗ್ರೆಸ್ ಕಡೆ ನಿಂತರು. 1779ರಲ್ಲಿ ಆ ಜಹಗೀರು ಮುಟ್ಟುಗೋಲಾಯಿತು. ಯುದ್ಧದ ನಂತರದ ಮಾರಾಟದಲ್ಲಿ ಅನೇಕ ಗೇಣಿದಾರರು ತಾವು ಉಳುತ್ತಿದ್ದ ನೆಲವನ್ನೇ ಕೊಂಡುಕೊಂಡರು. ಲಿವಿಂಗ್‌ಸ್ಟನ್ ಗೇಣಿದಾರರಿಗೆ ಆ ಭಾಗ್ಯವಿಲ್ಲ, ಅವರ ಒಡೆಯ ಗೆದ್ದ ಪಕ್ಷದವನು. ಗೇಣಿ ಮುಂದಿನ ಶತಮಾನಕ್ಕೂ ಸಾಗಿತು.

ಪ್ರಶ್ನೆ: ಗುಲಾಮರಿಗೆ ಬಿಡುಗಡೆ ಘೋಷಿಸಿದ್ದು ಬ್ರಿಟಿಷರು. ಹಾಗಾದರೆ ನ್ಯಾಯ ಅವರ ಕಡೆ ಇತ್ತು ಎನ್ನಬಹುದೇ? (ಬೆಂಗಳೂರು)

ಉತ್ತರ: ಘೋಷಣೆಯ ಷರತ್ತನ್ನು ಓದಿ. ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್‌ಮೋರ್ 1775ರ ನವೆಂಬರ್ 7ರ ದಿನಾಂಕದ ಪ್ರಕಟಣೆಯಲ್ಲಿ ಸ್ವಾತಂತ್ರ್ಯ ಕೊಟ್ಟದ್ದು ಬಂಡಾಯಗಾರರಿಗೆ ಸೇರಿದ, ಆಯುಧ ಹಿಡಿಯಬಲ್ಲ, ಹಿಡಿಯಲು ಒಪ್ಪುವ ಜೀತದಾಳು ಮತ್ತು ಗುಲಾಮರಿಗೆ. ಯಜಮಾನ ರಾಜನಿಷ್ಠನಾಗಿದ್ದರೆ ಬಿಡುಗಡೆ ಇಲ್ಲ. ಮುದುಕರು, ಹೆಂಗಸರು, ಮಕ್ಕಳ ಮಾತೇ ಇಲ್ಲ. ಡನ್‌ಮೋರ್ ತನ್ನ ಗುಲಾಮರನ್ನು ಬಿಡಲಿಲ್ಲ. ಮನುಷ್ಯ ಯಾರು ಎಂಬುದನ್ನು ಆ ಕಾಗದ ಕೇಳುವುದೇ ಇಲ್ಲ, ಅವನ ಒಡೆಯ ಯಾರು ಎಂದಷ್ಟೇ ಕೇಳುತ್ತದೆ.

ಆದರೂ ಜನ ಬಂದರು. ದೋಣಿ ಕದ್ದು, ರಾತ್ರಿ ನಡೆದು, ಷರತ್ತಿಗೆ ಹೊರಗಿದ್ದ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಬಂದರು. ಡನ್‌ಮೋರ್ ಅವರಿಂದ 'ಇಥಿಯೋಪಿಯನ್ ರೆಜಿಮೆಂಟ್' ಕಟ್ಟಿದ. ಡಿಸೆಂಬರ್ 9ರ ಗ್ರೇಟ್ ಬ್ರಿಜ್ ಕಾಳಗದಲ್ಲಿ ಸೋತ ಮೇಲೆ ಎಲ್ಲರನ್ನೂ ಹಡಗುಗಳಲ್ಲಿ ತುಂಬಿದರು. ಇಕ್ಕಟ್ಟು, ಕೆಟ್ಟ ನೀರು, ಸಿಡುಬು. 1776ರ ಬೇಸಿಗೆಯಲ್ಲಿ ಗ್ವಿನ್ಸ್ ದ್ವೀಪದಲ್ಲಿ ನೂರಾರು ಜನ ಸತ್ತರು. ಸಿಡುಬು ಆಯ್ದು ಕೊಂದದ್ದಕ್ಕೆ ಕಾರಣವಿದೆ. ಯೂರೋಪಿನಿಂದ ಬಂದ ಸೈನಿಕರಲ್ಲಿ ಬಹುಪಾಲು ಜನರಿಗೆ ಚಿಕ್ಕಂದಿನಲ್ಲೇ ಅದು ಬಂದುಹೋಗಿತ್ತು. ಒಂಟಿ ತೋಟಗಳಲ್ಲಿ ಬೆಳೆದ ಗುಲಾಮರಿಗೆ ಅದು ಹೊಸದು.

1779ರ ಜೂನ್ 30ರಂದು ಜನರಲ್ ಹೆನ್ರಿ ಕ್ಲಿಂಟನ್ ಘೋಷಣೆಯನ್ನು ವಿಸ್ತರಿಸಿದ. ಹೊರಡಿಸಿದ್ದು ಮೇಲೆ ಹೇಳಿದ ಅದೇ ಫಿಲಿಪ್ಸ್‌ಬರ್ಗ್‌ನಲ್ಲಿ. ಬಂಡಾಯಗಾರರ ಗುಲಾಮರು ಬ್ರಿಟಿಷ್ ಗಡಿಯೊಳಗೆ ಬಂದರೆ ರಕ್ಷಣೆ, ಇಷ್ಟದ ಕೆಲಸ. ಆದರೆ ಬಂಡಾಯಗಾರರ ಸೇನೆಯಲ್ಲಿ ಸೆರೆಸಿಕ್ಕ ಕಪ್ಪು ಸೈನಿಕನನ್ನು, ಹಿಡಿದವನಿಗೆ ಗೊತ್ತಾದ ಬೆಲೆ ಕೊಟ್ಟು ಕೊಳ್ಳಲಾಗುವುದು. ಎರಡೂ ಮಾತು ಒಂದೇ ಪ್ರಕಟಣೆಯಲ್ಲಿವೆ.

1781ರ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಕೋಟೆಕೊತ್ತಲ ಅಗೆದವರು ಹೀಗೆ ಸೇರಿಕೊಂಡ ಸಾವಿರಾರು ಜನ. ದವಸ ಮುಗಿಯುತ್ತಾ ಬಂದಾಗ, ಸಿಡುಬು ಹತ್ತಿದವರನ್ನು ಎರಡು ಸೈನ್ಯಗಳ ನಡುವಿನ ಬಯಲಿಗೆ ಅಟ್ಟಿದರು. ಅಕ್ಟೋಬರ್ 19ರ ಶರಣಾಗತಿಯ ನಂತರ ಬದುಕಿದ್ದವರನ್ನು ಹಿಡಿದು ಹಳೆಯ ಒಡೆಯರಿಗೆ ಒಪ್ಪಿಸುವ ಕೆಲಸ ಅಮೆರಿಕನ್ ಪಡೆಯಿಂದ ನಡೆಯಿತು. ಇನ್ನು ರಾಜನಿಷ್ಠ ಯಜಮಾನರು ನಾಡು ಬಿಡುವಾಗ ತಮ್ಮ ಸಾವಿರಾರು ಗುಲಾಮರನ್ನು ಜಮೈಕಾ, ಬಹಾಮಾಗಳಿಗೆ ಸ್ವತ್ತಾಗಿಯೇ ಸಾಗಿಸಿದರು. ನ್ಯಾಯ ಯಾರ ಕಡೆ ಎಂದು ಕೇಳಿದಿರಿ. ಸ್ವಾತಂತ್ರ್ಯವೆಂದರೆ ಸ್ವಾತಂತ್ರ್ಯವೇ ಎಂದು ನಂಬಿ ರಾತ್ರೋರಾತ್ರಿ ಹೊರಟ ಆ ಜನರ ಕಡೆ ಇತ್ತು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟಿಗೆ 'ಬುಕ್ ಆಫ್ ನೀಗ್ರೋಸ್' ಎಂಬ ದಾಖಲೆಯನ್ನು ಕೊಟ್ಟಿದ್ದಾರೆ. ಅದು ಏನು, ಹೇಗೆ ಓದಬೇಕು? (ನ್ಯೂ ಜೆರ್ಸಿಯಲ್ಲಿರುವ ಕನ್ನಡತಿ)

ಉತ್ತರ: ಹೆಸರು ಆ ಕಾಲದ್ದು, ಇಂದು ಆ ಪದ ಅವಮಾನಕರ. ದಾಖಲೆಯ ಹೆಸರಾಗಿ ಮಾತ್ರ ಬಳಸಲು ಮಗಳಿಗೆ ಹೇಳಿ. ಇದು 1783ರಲ್ಲಿ ನ್ಯೂಯಾರ್ಕ್ ಬಂದರಿನಿಂದ ಬ್ರಿಟಿಷ್ ಹಡಗುಗಳಲ್ಲಿ ಹೊರಟ ಸುಮಾರು 3000 ಕಪ್ಪು ಜನರ ನೋಂದಣಿ.

ಹಿನ್ನೆಲೆ ಇಷ್ಟು. 1782ರ ನವೆಂಬರ್ 30ರ ಪ್ಯಾರಿಸ್ ತಾತ್ಕಾಲಿಕ ಒಪ್ಪಂದದ 7ನೇ ಕಲಮಿನಲ್ಲಿ, ಬ್ರಿಟಿಷರು ಹೊರಡುವಾಗ ಅಮೆರಿಕನ್ನರ ಗುಲಾಮರನ್ನಾಗಲಿ ಬೇರೆ ಸ್ವತ್ತನ್ನಾಗಲಿ ಒಯ್ಯಕೂಡದು ಎಂದಿತ್ತು. ಕೊನೆಗಳಿಗೆಯಲ್ಲಿ ಅದನ್ನು ಸೇರಿಸಿದ್ದು ದಕ್ಷಿಣ ಕ್ಯಾರೊಲಿನಾದ ಹೆನ್ರಿ ಲಾರೆನ್ಸ್. ಎದುರು ಕುಳಿತು ಒಪ್ಪಿದ್ದು ಬ್ರಿಟನ್ನಿನ ರಿಚರ್ಡ್ ಆಸ್ವಾಲ್ಡ್. ಇಬ್ಬರೂ ಹಿಂದೆ ಗುಲಾಮರ ವ್ಯಾಪಾರದಲ್ಲಿ ಪಾಲುಗಾರರು. ಆದರೆ ನ್ಯೂಯಾರ್ಕ್‌ನಲ್ಲಿದ್ದ ಸೇನಾಪತಿ ಗೈ ಕಾರ್ಲ್‌ಟನ್ ಬೇರೆ ಅರ್ಥ ಮಾಡಿದ: ಒಪ್ಪಂದಕ್ಕೆ ಮೊದಲೇ ನಮ್ಮ ಗಡಿಗೆ ಬಂದವರು ಆಗಲೇ ಸ್ವತಂತ್ರರು, ಅವರು ಯಾರ ಸ್ವತ್ತೂ ಅಲ್ಲ. 1783ರ ಮೇ 6ರಂದು ವಾಷಿಂಗ್ಟನ್ ಎದುರಿಗೇ ಕುಳಿತು ತಮ್ಮ ಗುಲಾಮರನ್ನು ಕೇಳಿದಾಗಲೂ ಅವನು ಬಗ್ಗಲಿಲ್ಲ. ಕೊಟ್ಟ ಮಾತು ಮುರಿಯುವುದಿಲ್ಲ, ಬೇಕಿದ್ದರೆ ಹೆಸರು ಬರೆದಿಡುತ್ತೇನೆ, ಪರಿಹಾರದ ಲೆಕ್ಕ ಆಮೇಲೆ ನೋಡೋಣ ಎಂದ. ಪುಸ್ತಕ ಹುಟ್ಟಿದ್ದು ಹೀಗೆ, ಮುಂದೆ ಒಡೆಯರಿಗೆ ದುಡ್ಡು ಕೊಡಬೇಕಾದೀತು ಎಂಬ ಲೆಕ್ಕಕ್ಕೆ.

ಹೊರಡಬೇಕಾದವರು ಮೊದಲು ನಗರಾಧಿಕಾರಿ ಬ್ರಿಗೇಡಿಯರ್ ಸ್ಯಾಮ್ಯುಯೆಲ್ ಬರ್ಚ್ ಸಹಿಯ ಚೀಟಿ ಪಡೆಯಬೇಕು. ಇಂತಹವನು ಘೋಷಣೆಗಳನ್ನು ನಂಬಿ ಬ್ರಿಟಿಷ್ ಗಡಿಗೆ ಬಂದಿದ್ದಾನೆ, ನೋವಾಸ್ಕೋಷಿಯಾಕ್ಕಾಗಲಿ (ಇಂದಿನ ಕೆನಡಾದ ಪ್ರಾಂತ್ಯ) ಬೇರೆಲ್ಲಿಗಾಗಲಿ ಹೋಗಬಹುದು ಎಂಬುದು ಅದರ ಸಾರ. ನಂತರ ಹಡಗಿನ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ತಪಾಸಣೆಗಾರರು ಒಬ್ಬೊಬ್ಬರನ್ನೂ ಕರೆದು ಬರೆಯುತ್ತಿದ್ದರು. ಯಾವನಾದರೂ ಹಳೆಯ ಒಡೆಯ ತಕರಾರು ಎತ್ತಿದರೆ, ಬುಧವಾರಗಳಂದು ಫ್ರಾನ್ಸಿಸ್ ಟ್ಯಾವರ್ನ್ ಎಂಬ ಹೋಟೆಲಿನಲ್ಲಿ ವಿಚಾರಣೆ. ನವೆಂಬರ್ 30ರ ಮೊದಲು ಬಂದದ್ದೆಂದು ತೋರಿಸಲಾಗದಿದ್ದರೆ ಮತ್ತೆ ಗುಲಾಮಗಿರಿ.

ಓದುವಾಗ ಅಂಕಣಗಳನ್ನು ಎಡದಿಂದ ಬಲಕ್ಕೆ ಹಿಡಿಯಿರಿ: ಹಡಗು, ಅದು ಹೋಗುವ ಊರು, ವ್ಯಕ್ತಿಯ ಹೆಸರು, ವಯಸ್ಸು, ಮೈಕಟ್ಟಿನ ವರ್ಣನೆ, ತನ್ನವನೆಂದು ಕೇಳುವವನ ಹೆಸರು, ಈಗ ಯಾರ ಜೊತೆ ಇದ್ದಾರೆ, ಕೊನೆಗೆ ಷರಾ. ಹಲವರು ಎಡವುವುದು 'ಯಾರ ಜೊತೆ' ಎಂಬ ಅಂಕಣದಲ್ಲಿ. ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಸ್ವತಂತ್ರರೆಂದು ಎಣಿಸಬಾರದು. ಬಿಳಿಯ ರಾಜನಿಷ್ಠರ ಗುಲಾಮರೂ ಅದೇ ಪಟ್ಟಿಯಲ್ಲಿದ್ದಾರೆ. ಆದ್ದರಿಂದ ಷರಾವನ್ನು ಓದದೆ ಎಣಿಕೆ ಮಾಡಬೇಡಿ: 'ಜನರಲ್ ಬರ್ಚ್ ಪತ್ರ' ಇದೆಯೇ, ಹುಟ್ಟಿನಿಂದ ಸ್ವತಂತ್ರರೇ, ಬ್ರಿಟಿಷ್ ಗಡಿಯೊಳಗೆ ಹುಟ್ಟಿದ ಮಗುವೇ. ಎಷ್ಟು ವರ್ಷದ ಹಿಂದೆ ಒಡೆಯನನ್ನು ಬಿಟ್ಟದ್ದು ಎಂಬುದನ್ನು 1783ರಿಂದ ಕಳೆದರೆ, ಯಾವ ಘೋಷಣೆಯ ಕಾಲದಲ್ಲಿ ಹೊರಟರು ಎಂದು ಗೊತ್ತಾಗುತ್ತದೆ.

ಹ್ಯಾರಿ ವಾಷಿಂಗ್ಟನ್ ಹೆಸರನ್ನು ಹುಡುಕಲು ಮಗಳಿಗೆ ಹೇಳಿ. ವಯಸ್ಸು 43, 'ಒಳ್ಳೆಯ ಆಳು', ಜನರಲ್ ವಾಷಿಂಗ್ಟನ್‌ನ ಸ್ವತ್ತಾಗಿದ್ದವನು, 7 ವರ್ಷದ ಹಿಂದೆ ಬಿಟ್ಟುಬಂದವನು ಎಂದಿದೆ. ಆ 'ಒಳ್ಳೆಯ ಆಳು' ಎಂಬ ಮಾತನ್ನು ಗಮನಿಸಿ. ಗಟ್ಟಿ ಹೆಂಗಸು, ಸವೆದ ಮುದುಕ ಎಂಬಂಥ ವರ್ಣನೆಗಳೂ ಇವೆ. ಬಿಡುಗಡೆಯ ಪಟ್ಟಿಯನ್ನು ಬರೆದ ಕಣ್ಣು ಸಂತೆಯಲ್ಲಿ ದನದ ಹಲ್ಲು ನೋಡುವ ಕಣ್ಣೇ.

ಮುಂದಿನ ಕಥೆಗೆ ನಮ್ಮ ಗಾದೆಯೇ ಸಾಕು, ದೇವರು ವರ ಕೊಟ್ಟರೂ ಪೂಜಾರಿ ಕೊಡ. ನೋವಾಸ್ಕೋಷಿಯಾದಲ್ಲಿ ಬಿಳಿಯರಿಗೆ ಮೊದಲು ಜಮೀನು ಹಂಚಿದರು. ಬರ್ಚ್‌ಟೌನ್‌ನ ಕಪ್ಪು ಜನರಿಗೆ ಬಂದದ್ದು ಕಲ್ಲುನೆಲ, ಅನೇಕರಿಗೆ ಅದೂ ಇಲ್ಲ. ಹೊಟ್ಟೆಪಾಡಿಗೆ ಕಡಿಮೆ ಕೂಲಿಗೆ ದುಡಿದರೆಂದು 1784ರ ಜುಲೈನಲ್ಲಿ ಪಕ್ಕದ ಶೆಲ್ಬರ್ನ್‌ನಲ್ಲಿ ಕೆಲಸವಿಲ್ಲದ ಬಿಳಿಯ ಮಾಜಿ ಸೈನಿಕರು ಅವರ ಮನೆಗಳನ್ನು ಕೆಡವಿದರು. ವರ್ಗ, ವರ್ಣ ಎರಡೂ ಒಂದೇ ಗಂಟಿನಲ್ಲಿ ಬಿಗಿದುಕೊಂಡಿದ್ದು ಇಲ್ಲಿ ನಿಚ್ಚಳ. ಹಸಿದ ಬಿಳಿಯ ಸೈನಿಕ ತನ್ನ ಕೂಲಿ ಇಳಿಸಿದವನನ್ನು ಹುಡುಕಿದಾಗ ಕಂಡದ್ದು ತನಗಿಂತ ಹಸಿದವನು. 1792ರ ಜನವರಿಯಲ್ಲಿ 15 ಹಡಗುಗಳಲ್ಲಿ ಸುಮಾರು 1200 ಜನ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೊರಟರು. ಹ್ಯಾರಿಯೂ ಹೋದ. ಅಲ್ಲಿನ ವಸಾಹತನ್ನು ನಡೆಸುತ್ತಿದ್ದ ಕಂಪನಿಯವರು ಜಮೀನಿನ ಮೇಲೆ ಕಂದಾಯ ಕೇಳಿದಾಗ 1800ರಲ್ಲಿ ಬಂಡೆದ್ದವರಲ್ಲಿ ಅವನೊಬ್ಬ. ಸೇನಾ ವಿಚಾರಣೆ ನಡೆದು ಗಡೀಪಾರಾದ.

ಪ್ರಶ್ನೆ: ಅಮೆರಿಕನ್ ಪಕ್ಷದಲ್ಲೂ ಕಪ್ಪು ಸೈನಿಕರಿದ್ದರಲ್ಲ? (ಮಂಗಳೂರು)

ಉತ್ತರ: ಇದ್ದರು, ಸಾವಿರಾರು. 1775ರ ಕೊನೆಗೆ ಅವರನ್ನು ಸೇರಿಸಬಾರದೆಂದೇ ನಿರ್ಧಾರವಾಗಿತ್ತು. ಡನ್‌ಮೋರ್ ಘೋಷಣೆಯ ಬಿಸಿ ತಟ್ಟಿದ ಮೇಲೆ, ಡಿಸೆಂಬರ್ 30ರಂದು ವಾಷಿಂಗ್ಟನ್ ಸ್ವತಂತ್ರ ಕಪ್ಪು ಜನರಿಗೆ ಅವಕಾಶ ಕೊಟ್ಟರು. ಆಳಿನ ಕೊರತೆ ಹೆಚ್ಚಿದಂತೆ ಬಾಗಿಲು ಅಗಲವಾಯಿತು. 1778ರ ಫೆಬ್ರುವರಿಯಲ್ಲಿ ರೋಡ್ ಐಲೆಂಡ್ ಗುಲಾಮರನ್ನೂ ಸೇರಿಸಿತು: ತಪಾಸಣೆಯಲ್ಲಿ ಪಾಸಾದ ಕ್ಷಣದಿಂದ ಸ್ವತಂತ್ರ, ಒಡೆಯನಿಗೆ ಗರಿಷ್ಠ 120 ಪೌಂಡ್ ಪರಿಹಾರ. ಒಡೆಯರ ವಿರೋಧದಿಂದ ನಾಲ್ಕೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಸೇರಿದವರು ಆ ಆಗಸ್ಟ್‌ನಲ್ಲೇ ರೋಡ್ ಐಲೆಂಡ್ ಕಾಳಗದಲ್ಲಿ ಕೆಚ್ಚಿನಿಂದ ನಿಂತರು.

ದಕ್ಷಿಣದಲ್ಲಿ ಇದಕ್ಕೆ ತಲೆಕೆಳಗು. 1779ರಲ್ಲಿ 3000 ಗುಲಾಮರ ಪಡೆ ಕಟ್ಟಿ, ಒಡೆಯರಿಗೆ ತಲಾ 1000 ಡಾಲರ್‌ವರೆಗೆ ಕೊಡೋಣ, ಯುದ್ಧದ ಕೊನೆಗೆ ಅವರಿಗೆ ಸ್ವಾತಂತ್ರ್ಯ ಮತ್ತು 50 ಡಾಲರ್ ಎಂದು ಕಾಂಗ್ರೆಸ್ ಸೂಚಿಸಿತು. ಹಿಂದೆ ನಿಂತು ಒತ್ತಾಯಿಸಿದವನು ಜಾನ್ ಲಾರೆನ್ಸ್, ಮೇಲೆ ಹೇಳಿದ ಹೆನ್ರಿಯ ಮಗ. ದಕ್ಷಿಣ ಕ್ಯಾರೊಲಿನಾ ಸಿಟ್ಟಿನಿಂದ ತಳ್ಳಿಹಾಕಿತು. ಬದಲಿಗೆ 1781ರಲ್ಲಿ ಅಲ್ಲಿನ ಥಾಮಸ್ ಸಮ್ಟರ್ ತನ್ನ ಪಡೆಗೆ ಬಿಳಿಯರನ್ನು ಸೆಳೆದದ್ದು ಹೀಗೆ: ಹತ್ತು ತಿಂಗಳ ಸೇವೆಗೆ ಒಬ್ಬ ವಯಸ್ಕ ಗುಲಾಮ, ರಾಜನಿಷ್ಠರ ತೋಟದಿಂದ ಲೂಟಿ ಮಾಡಿದ್ದರಲ್ಲಿ. ವರ್ಜೀನಿಯಾ 1780ರಲ್ಲಿ ಯುದ್ಧ ಮುಗಿಯುವವರೆಗೆ ಸೇರುವವನಿಗೆ 300 ಎಕರೆ ಜಮೀನಿನ ಜೊತೆ 10ರಿಂದ 30 ವಯಸ್ಸಿನ ಒಬ್ಬ ಆರೋಗ್ಯವಂತ ಗುಲಾಮ, ಅಥವಾ 60 ಪೌಂಡ್ ಚಿನ್ನ ಬೆಳ್ಳಿ ಎಂದಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುವವನಿಗೆ ಮನುಷ್ಯನೊಬ್ಬನೇ ಸಂಬಳ! ಬಡ ಬಿಳಿಯನನ್ನು ಒಡೆಯರ ಸಾಲಿಗೆ ಸೇರಿಸಿಕೊಂಡು ಅವನ ಸಿಟ್ಟನ್ನು ಆರಿಸುವ ಉಪಾಯವೂ ಅದರಲ್ಲಿತ್ತು.

ಪ್ರಶ್ನೆ: ಹೈದರ್ ಅಲಿಯ ಹೆಸರಿನ ಅಮೆರಿಕನ್ ಹಡಗು ಇತ್ತಂತೆ, ನಿಜವೇ? (ಮೈಸೂರು)

ಉತ್ತರ: ನಿಜ. ಪೆನ್ಸಿಲ್ವೇನಿಯಾ ರಾಜ್ಯದ 'ಹೈದರ್ ಅಲಿ' ಹಡಗು ಜೋಶುವಾ ಬಾರ್ನಿ ನಾಯಕತ್ವದಲ್ಲಿ 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗು 'ಜನರಲ್ ಮಂಕ್' ಅನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಆಗ ಹೈದರ್ ಮದ್ರಾಸಿನ ಬ್ರಿಟಿಷರ ಮೇಲೆ ಯುದ್ಧದಲ್ಲಿದ್ದ. ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ ಮುಂದೆ ಗವರ್ನರ್ ಜನರಲ್ ಆಗಿ ಬಂದು 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಎಳೆಯ ಮಕ್ಕಳ ಒತ್ತೆ ಬರೆಸಿಕೊಂಡದ್ದು ನಮಗೆಲ್ಲ ಗೊತ್ತಿರುವುದೇ.

ಪ್ರಶ್ನೆ: ಮೂಲನಿವಾಸಿಗಳ ಪಾಲಿಗೆ ಈ ಯುದ್ಧ ಏನಾಯಿತು? (ಮಡಿಕೇರಿ)

ಉತ್ತರ: ನೆಲ ಹೋಯಿತು, ಎರಡೂ ಕಡೆ ನಿಂತವರದ್ದೂ. 1779ರಲ್ಲಿ ಜನರಲ್ ಸಲಿವನ್ ಪಡೆ ಇರೊಕ್ವಾ ಒಕ್ಕೂಟದ 40 ಊರುಗಳನ್ನು ಸುಟ್ಟಿತು. ಅವನದೇ ವರದಿಯ ಪ್ರಕಾರ ನಾಶವಾದ ಮೆಕ್ಕೆಜೋಳ 1,60,000 ಬುಷೆಲ್. ಬುಷೆಲ್ಲಿಗೆ 25 ಕಿಲೋ ಹಿಡಿದರೆ 4000 ಟನ್ ಊಟ. ಆ ಚಳಿಗಾಲ ನಯಾಗರಾ ಕೋಟೆಯ ಸುತ್ತ ಜನ ಹಸಿವಿನಿಂದ, ಹಿಮದಿಂದ ಸತ್ತರು. 1782ರ ಮಾರ್ಚ್‌ನಲ್ಲಿ ಓಹಾಯೊದ ನಾಡೆನ್‌ಹಟ್ಟನ್‌ನಲ್ಲಿ ಕ್ರೈಸ್ತರಾಗಿದ್ದ, ಆಯುಧ ಹಿಡಿಯದ 96 ಡೆಲಾವೇರ್ ಜನರನ್ನು ಮಿಲಿಷಿಯಾ ಕೊಂದಿತು. ಅಮೆರಿಕನ್ನರ ಪಕ್ಕದಲ್ಲೇ ಕಾದಾಡಿದ ಒನೈಡಾ ಜನರಿಂದ ನ್ಯೂಯಾರ್ಕ್ ರಾಜ್ಯ 1785 ಮತ್ತು 1788ರಲ್ಲಿ ಜಮೀನು ಬರೆಸಿಕೊಂಡಿತು. ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿಗಳ ಹೆಸರೇ ಇಲ್ಲ. ಸೈನಿಕರಿಗೆ ವಾಗ್ದಾನ ಮಾಡಿದ ಆ ನೂರು ಎಕರೆಗಳು ಯಾರ ನೆಲವೆಂದು ಈಗ ಹೇಳಬೇಕಿಲ್ಲ.

ಪ್ರಶ್ನೆ: ಹೊಸ ರಾಜ್ಯಗಳಲ್ಲಿ ಬಡವರಿಗೆ ಮತ ಇತ್ತೇ? (ಕಲಬುರಗಿ)

ಉತ್ತರ: ರಾಜ್ಯಕ್ಕೊಂದು ಲೆಕ್ಕ. ಪೆನ್ಸಿಲ್ವೇನಿಯಾದ 1776ರ ಸಂವಿಧಾನದಲ್ಲಿ ತೆರಿಗೆ ಕಟ್ಟಿದ ಗಂಡಸಿಗೆಲ್ಲ ಮತ. ಮ್ಯಾಸಚೂಸೆಟ್ಸ್ 1780ರಲ್ಲಿ 60 ಪೌಂಡ್ ಆಸ್ತಿ ಕೇಳಿತು, ಗವರ್ನರ್ ಆಗಲು 1000 ಪೌಂಡ್ ಭೂಮಿ. ನ್ಯೂ ಜೆರ್ಸಿಯಲ್ಲಿ 50 ಪೌಂಡ್ ಇದ್ದ ಯಾರಿಗಾದರೂ ಮತ, ಹೆಂಗಸರಿಗೂ ಸ್ವತಂತ್ರ ಕಪ್ಪು ಜನರಿಗೂ. 1807ರಲ್ಲಿ ಅದನ್ನು ಬಿಳಿಯ ಗಂಡಸರಿಗೆ ಮಾತ್ರ ಎಂದು ಕಿತ್ತುಕೊಂಡರು.

ಪ್ರಶ್ನೆ: ಕೊನೆಗೂ 'ಎಲ್ಲರೂ ಸಮಾನರು' ಎಂಬ ಮಾತಿನಿಂದ ಯಾವ ಗುಲಾಮನಿಗಾದರೂ ಬಿಡುಗಡೆ ಸಿಕ್ಕಿತೇ? (ಶಿರಸಿ)

ಉತ್ತರ: ಸಿಕ್ಕಿತು, ಆ ಮಾತನ್ನು ನ್ಯಾಯಾಲಯಕ್ಕೆ ಒಯ್ದವರಿಗೆ. ಮ್ಯಾಸಚೂಸೆಟ್ಸ್‌ನ ಬೆಟ್ ಎಂಬ ಮಹಿಳೆ, 1780ರ ರಾಜ್ಯ ಸಂವಿಧಾನದ ಇಂಥದೇ ವಾಕ್ಯವನ್ನು ಹಿಡಿದು ಬ್ರೋಮ್ ಎಂಬವನ ಜೊತೆ ದಾವೆ ಹೂಡಿ 1781ರ ಆಗಸ್ಟ್‌ನಲ್ಲಿ ಗೆದ್ದಳು. ಬಿಡುಗಡೆ, ಮೇಲೆ 30 ಶಿಲಿಂಗ್ ಪರಿಹಾರ. ತಾನೇ ಇಟ್ಟುಕೊಂಡ ಹೆಸರು ಎಲಿಜಬೆತ್ ಫ್ರೀಮನ್. ಕೆಲವೇ ವರ್ಷದಲ್ಲಿ ಆ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಆಸರೆ ಕಳೆದುಕೊಂಡಿತು. ಪೆನ್ಸಿಲ್ವೇನಿಯಾದ್ದು ನಿಧಾನದ ದಾರಿ. 1780ರ ಮಾರ್ಚ್ 1ರ ನಂತರ ಗುಲಾಮ ತಾಯಿಗೆ ಹುಟ್ಟಿದ ಮಗು 28 ವರ್ಷ ದುಡಿದು ಸ್ವತಂತ್ರ, ಅದಕ್ಕೆ ಮೊದಲು ಹುಟ್ಟಿದವರು ಸಾಯುವವರೆಗೂ ಗುಲಾಮರು. ಒಡೆಯರು ಆ ನವೆಂಬರ್ 1ರೊಳಗೆ ತಮ್ಮ ಗುಲಾಮರನ್ನು ನೋಂದಾಯಿಸಬೇಕಿತ್ತು. ಮರೆತವರ ಗುಲಾಮರು ಸ್ವತಂತ್ರರಾದರು. ಹಾಗೆ ಗುಮಾಸ್ತನ ಪುಸ್ತಕದಲ್ಲಿ ಹೆಸರಿಲ್ಲದ್ದರಿಂದಲೇ ಬಿಡುಗಡೆ ಕಂಡವರಿದ್ದಾರೆ.

ವರ್ಜೀನಿಯಾದಲ್ಲಿ, ತಮ್ಮ ಬದಲಿಯಾಗಿ ಯುದ್ಧಕ್ಕೆ ಕಳಿಸಿದ್ದ ಗುಲಾಮರನ್ನು ಒಡೆಯರು ಮರಳಿ ಹಿಡಿದು ದುಡಿಸತೊಡಗಿದ್ದರಿಂದ, ಅಂಥ ಸೈನಿಕರು ಸ್ವತಂತ್ರರು ಎಂದು 1783ರಲ್ಲಿ ಕಾನೂನು ಮಾಡಬೇಕಾಯಿತು. ಜೇಮ್ಸ್ ಎಂಬವನಿಗೆ ಆ ಕಾನೂನೂ ಒದಗಲಿಲ್ಲ. ಅವನು ಬ್ರಿಟಿಷ್ ಶಿಬಿರದೊಳಗೆ ಸೇರಿ ಕಾರ್ನ್‌ವಾಲಿಸ್‌ನ ಸುದ್ದಿಯನ್ನು ಅಮೆರಿಕದ ಪರ ಕಾದಾಡುತ್ತಿದ್ದ ಫ್ರೆಂಚ್ ಸೇನಾನಿ ಲಾಫಯೆಟ್‌ಗೆ ಮುಟ್ಟಿಸುತ್ತಿದ್ದ ಗೂಢಚಾರ. ಗೂಢಚಾರ ಸೈನಿಕನಲ್ಲವಲ್ಲ. 1784ರಲ್ಲಿ ಲಾಫಯೆಟ್ ತನ್ನ ಕೈಯಾರೆ ಶಿಫಾರಸು ಬರೆದುಕೊಟ್ಟ. ಅದನ್ನು ಲಗತ್ತಿಸಿ ಹಾಕಿದ ಅರ್ಜಿಯ ಮೇಲೆ 1787ರ ಜನವರಿಯಲ್ಲಿ ಶಾಸನಸಭೆ, ಒಡೆಯನಿಗೆ ಬೆಲೆ ಕಟ್ಟಿಕೊಟ್ಟು, ಅವನನ್ನು ಬಿಡುಗಡೆ ಮಾಡಿತು. ಅವನು ಜೇಮ್ಸ್ ಲಾಫಯೆಟ್ ಎಂದು ಹೆಸರಿಟ್ಟುಕೊಂಡ. ಮುದಿತನದಲ್ಲಿ ಮತ್ತೊಂದು ಅರ್ಜಿ ಹಾಕಿದ ಮೇಲೆ 1819ರಲ್ಲಿ ಅವನಿಗೆ ಸಿಕ್ಕದ್ದು ಕೂಡಲೇ 60 ಡಾಲರ್, ಆಮೇಲೆ ವರ್ಷಕ್ಕೆ 40.